ಎರಡು ಮೊಲಗಳಿಗೆ ಒಂದು ಗೋದಲಿ

ಬೆಳ್ಳಿ, ಚುಕ್ಕಿ ಎಂಬ ಎರಡು ಮೊಲಗಳು ಮೈಸೂರಿನ ನಮ್ಮ ಮನೆಗೆ ಬಂದಾಗ ಅವುಗಳ ಜೊತೆ ಬಂದ ಸಾಮಾನು ಇಷ್ಟು: ಒಂದು ಕಬ್ಬಿಣದ ಗೂಡು, ನೇತುಹಾಕುವ ದುಂಡನೆಯ ತಂತಿಬುಟ್ಟಿ, ಗೂಡಿಗೆ ಸಿಕ್ಕಿಸುವ ನೀರಿನ ಬಾಟಲಿ, ಬಣ್ಣದ ಕಾಳುಗಳ ಮಿಶ್ರಣ ಅರ್ಧ ಚೀಲ. ಹಿಂದೆ ಸಾಕಿದವರು ಊರು ಬಿಡುವಾಗ ಪ್ರೀತಿಯಿಂದಲೇ ಬರೆದುಕೊಟ್ಟ ಚೀಟಿಯಲ್ಲಿ ಬೆಳಿಗ್ಗೆ ಕ್ಯಾರೆಟ್, ಮಧ್ಯಾಹ್ನ ಕಾಳು, ರಾತ್ರಿ ಚಪಾತಿ ಚೂರು ಎಂದಿತ್ತು. ಹುಲ್ಲಿನ ಮಾತೇ ಇರಲಿಲ್ಲ. ಚುಕ್ಕಿಯ ಬಾಲದ ಕೆಳಗೆ ಮೆತ್ತನೆಯ ಹಿಕ್ಕೆ ಅಂಟಿಕೊಂಡಿರುತ್ತಿತ್ತು. ಬೆಳ್ಳಿಯ ಹಿಕ್ಕೆ ಚಿಕ್ಕದು, ಕಪ್ಪು, ಗಟ್ಟಿ. ಪಶುವೈದ್ಯರು ಎರಡರ ಬಾಯಿಗೂ ಬೆಳಕು ಹಿಡಿದು ನೋಡಿದರು. ಬೆಳ್ಳಿಯ ದವಡೆ ಹಲ್ಲಿನ ಅಂಚು ಚೂಪಾಗತೊಡಗಿದೆ ಎಂದರು. ಔಷಧಿ ಏನನ್ನೂ ಬರೆಯಲಿಲ್ಲ. ‘ಹುಲ್ಲು ಕೊಡಿ, ಹಗಲೂ ರಾತ್ರಿಯೂ ಎದುರಿಗಿರಲಿ’ ಎಂದಷ್ಟೇ ಹೇಳಿ ಕಳುಹಿಸಿದರು.

ಹೇಳುವುದು ಸುಲಭ. ಊರಿನಲ್ಲಿ ಒಳ್ಳೆಯ ಒಣಹುಲ್ಲನ್ನು ವರ್ಷವಿಡೀ ಹೊಂದಿಸುವುದು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಇಡುವುದು, ಮೊಲ ಅದನ್ನು ತುಳಿದು ಒದ್ದೆ ಮಾಡದೆ ತಿನ್ನುವಂತೆ ಮಾಡುವುದು, ಈ ಮೂರೂ ಕೈಕೆಲಸ ಕೇಳುತ್ತವೆ. ಆ ಕೆಲಸದ ವಿವರವೇ ಈ ಬರಹ. ಮೊಲದ ಆಹಾರ ಎಂದೊಡನೆ ಯಾವ ಸೊಪ್ಪು ಕೊಡಬಹುದು, ಯಾವ ಹಣ್ಣು ಕೊಡಬಾರದು ಎಂಬ ಪ್ರಶ್ನೆಗಳೇ ಮೊದಲು ಬರುತ್ತವೆ. ಅವು ಬೇಕು, ಆದರೆ ಅವು ತಟ್ಟೆಯ ಅಂಚಿನ ಪ್ರಶ್ನೆಗಳು. ತಟ್ಟೆಯ ನಡುವೆ ಇರಬೇಕಾದದ್ದು ಹುಲ್ಲು.

ಹುಲ್ಲೇ ಏಕೆ

ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಒಣ ಹುಲ್ಲುಗಾಡು. ನಮ್ಮ ಹೊಲಗಳಲ್ಲಿ ಓಡುವ ಕಾಡುಮೊಲ ಬೇರೆಯೇ ಜಾತಿ. ಸಾಕುಮೊಲಕ್ಕೆ 28 ಹಲ್ಲು, ಎಲ್ಲವೂ ಜೀವಮಾನವಿಡೀ ಬೆಳೆಯುತ್ತವೆ. ಬಾಚಿಹಲ್ಲುಗಳು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಬೆಳೆಯುತ್ತವೆ. ಹುಲ್ಲಿನ ಉದ್ದ ಎಳೆಯನ್ನು ಮೊಲ ದವಡೆಯನ್ನು ಅಡ್ಡಡ್ಡ ಆಡಿಸಿ ಅರೆಯುತ್ತದೆ, ಆಗ ದವಡೆ ಹಲ್ಲು ಸಮನಾಗಿ ಸವೆಯುತ್ತದೆ. ಕಾಳನ್ನಾಗಲಿ ಕ್ಯಾರೆಟ್ಟನ್ನಾಗಲಿ ಮೇಲೆ ಕೆಳಗೆ ಕಚ್ಚಿ ಪುಡಿ ಮಾಡಿ ನುಂಗಿಬಿಡುತ್ತದೆ. ಹಲ್ಲು ಸವೆಯುವುದಿಲ್ಲ, ಅಂಚು ಚೂಪಾಗಿ ನಾಲಿಗೆಯನ್ನೂ ಕೆನ್ನೆಯನ್ನೂ ಕೊರೆಯುತ್ತದೆ, ನೋವಿಗೆ ಮೊಲ ತಿನ್ನುವುದನ್ನು ಬಿಡುತ್ತದೆ.

ಹೊಟ್ಟೆಯದು ಇನ್ನೂ ಸೂಕ್ಷ್ಮ. ಉದ್ದನೆಯ ನಾರು ಕರುಳನ್ನು ಸದಾ ಚಲನೆಯಲ್ಲಿಡುತ್ತದೆ ಮತ್ತು ದುಂಡನೆಯ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ಉಳಿದ ನುಣ್ಣನೆಯ ಭಾಗ ಸೀಕಮ್ ಎಂಬ ದೊಡ್ಡ ಚೀಲಕ್ಕೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ, ಸಣ್ಣ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯಾಗುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಲು ಬಿಡದೆ ಬಾಯಿ ಹಾಕಿ ತಿನ್ನುತ್ತದೆ. ಬಿ ಜೀವಸತ್ವಗಳೂ ಪ್ರೋಟೀನೂ ಅದರಿಂದ ಸಿಗುತ್ತವೆ. ಕಾಳು, ಹಣ್ಣು, ಚಪಾತಿ ಹೆಚ್ಚಾಗಿ ಹೊಟ್ಟೆ ತುಂಬಿದ ಮೊಲ ಆ ಹಿಕ್ಕೆಯನ್ನು ತಿನ್ನದೆ ಬಿಡುತ್ತದೆ. ಚುಕ್ಕಿಯ ಬಾಲಕ್ಕೆ ಅಂಟಿದ್ದು ಅದೇ. ಬೆಳ್ಳಿಯ ಚಿಕ್ಕ ಕಪ್ಪು ಹಿಕ್ಕೆ ನಾರಿನ ಕೊರತೆಯ ಗುರುತು. ಕಾಯಿಲೆ ಎರಡಾಗಿ ಕಂಡರೂ ಮಾಡಬೇಕಾದ ದುರಸ್ತಿ ಒಂದೇ ಆಗಿತ್ತು.

ಬೆಳೆದ ಮೊಲದ ಊಟದಲ್ಲಿ ಶೇಕಡ 80ರಿಂದ 85ರಷ್ಟು ಹುಲ್ಲು, ಶೇಕಡ 10ರಷ್ಟು ಸೊಪ್ಪು, ಉಳಿದ ಸ್ವಲ್ಪ ಪೆಲೆಟ್ (ಪುಡಿ ಮಾಡಿ ಒತ್ತಿದ ಗುಳಿಗೆಯಂಥ ಆಹಾರ) ಎಂಬುದು ಮೊಲಗಳನ್ನು ನೋಡುವ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ಮೊಲಗಳು ತಲಾ ಸುಮಾರು 2 ಕಿಲೋ ತೂಗುತ್ತವೆ. ಉದುರಿಸಿ ಕೆಡಿಸುವುದನ್ನೂ ಸೇರಿಸಿದರೆ ಎರಡಕ್ಕೂ ದಿನಕ್ಕೆ 200 ಗ್ರಾಂ, ತಿಂಗಳಿಗೆ 6 ಕಿಲೋ ಒಣಹುಲ್ಲು ಬೇಕು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. 10 ಕಿಲೋ ಹಸಿ ಹುಲ್ಲು ಒಣಗಿದರೆ ಎರಡೂವರೆ ಕಿಲೋ ಉಳಿಯುತ್ತದೆ. ಅಂದರೆ ತಿಂಗಳಿಗೆ 25 ಕಿಲೋದಷ್ಟು ಕೊಯ್ದು ತರಬೇಕು. ಈ ಅಂಕಿ ಕೈಗೆ ಸಿಕ್ಕ ಮೇಲೆ ಹುಲ್ಲು ಒಣಗಿಸುವ ಚಪ್ಪರ ಎಷ್ಟು ದೊಡ್ಡದಿರಬೇಕು ಎಂಬುದು ತಾನೇ ನಿರ್ಧಾರವಾಯಿತು.

ಹುಲ್ಲು ಹುಡುಕಿದ್ದು

ಅಂಗಡಿಗಳಲ್ಲಿ ಸಿಗುವ ಟಿಮೋತಿ ಹುಲ್ಲು ತಂಪು ದೇಶಗಳದು. ಒಳ್ಳೆಯದೇ, ಆದರೆ ದುಬಾರಿ. ನಮ್ಮ ಬಯಲಿನಲ್ಲಿ ಅದು ಬೆಳೆಯುವುದಿಲ್ಲ. ಇಲ್ಲಿ ಬೆಳೆಯುವ ಹುಲ್ಲುಗಳಲ್ಲಿ ಮೊಲಕ್ಕೆ ಗರಿಕೆ ಬಲು ಪ್ರಿಯ. ದೇವರಾಜ ಮಾರುಕಟ್ಟೆಯಲ್ಲಿ ಗಣೇಶನ ಪೂಜೆಗೆಂದು ಮಾರುವ ಗರಿಕೆಯ ಕಟ್ಟನ್ನು ತೊಳೆದು ಆರಿಸಿ ಕೊಟ್ಟರೆ ಎರಡೂ ಮೊಲಗಳು ಓಡಿ ಬರುತ್ತವೆ. ಆದರೆ ತಿಂಗಳಿಗೆ 25 ಕಿಲೋ ಗರಿಕೆಯನ್ನು ಹಾಗೆ ಕೊಳ್ಳಲು ಸಾಧ್ಯವಿಲ್ಲ. ರಸ್ತೆ ಬದಿಯ ಗರಿಕೆಗೆ ವಾಹನದ ಹೊಗೆ, ನಾಯಿಯ ಮೂತ್ರ, ಕಳೆನಾಶಕ ಎಲ್ಲವೂ ತಗುಲಿರುತ್ತವೆ. ಉದ್ಯಾನದಲ್ಲಿ ಯಂತ್ರದಿಂದ ಕತ್ತರಿಸಿ ರಾಶಿ ಹಾಕಿದ ಹುಲ್ಲು ಬೇಗ ಬಿಸಿಯೇರಿ ಹುದುಗುತ್ತದೆ, ಅದನ್ನು ಮೊಲದ ಹತ್ತಿರವೂ ತರಬಾರದು.

ಭತ್ತದ ಹುಲ್ಲಿನಲ್ಲಿ ನಾರು ಇದ್ದರೂ ಪೋಷಣೆ ತೀರ ಕಡಿಮೆ, ಸಿಲಿಕಾ ಹೆಚ್ಚು. ಹಾಸಲು ಸರಿ, ಅದೊಂದೇ ಊಟವಾಗಬಾರದು. ರಾಗಿ ಹುಲ್ಲು ಅದಕ್ಕಿಂತ ಮೇಲು. ದೂಳಿಲ್ಲದ, ಮಳೆಗೆ ನೆನೆಯದ ಮೆದೆಯಿಂದ ಹಿರಿದದ್ದಾದರೆ ನಾನು ಮುಖ್ಯವಾಗಿ ಕೊಡುವ ಗಿನಿ ಹುಲ್ಲಿನ ಜೊತೆ ಕಾಲು ಭಾಗ ಬೆರೆಸುತ್ತೇನೆ. ಎಳೆಯ ಜೋಳದ ಪೈರಿನಲ್ಲಿ ಸೈನೈಡ್ ಅಂಶ ಇರುವುದರಿಂದ ಅದು ಬೇಡವೇ ಬೇಡ. ಕುದುರೆ ಮಸಾಲೆ (ಲ್ಯೂಸರ್ನ್) ಸೊಪ್ಪಿನಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಜಾಸ್ತಿ. ಆರು ತಿಂಗಳೊಳಗಿನ ಮರಿಗೆ, ಗಬ್ಬದ ಮೊಲಕ್ಕೆ ಅದು ಸರಿ. ಬೆಳೆದ ಮೊಲ ಆಹಾರದ ಕ್ಯಾಲ್ಸಿಯಂ ಹೆಚ್ಚಿದಷ್ಟೂ ರಕ್ತಕ್ಕೆ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರಕೋಶದಲ್ಲಿ ಕೆಸರು, ಕಲ್ಲು ಕಟ್ಟಿಕೊಳ್ಳಲು ಅದೇ ದಾರಿಯಾಗುತ್ತದೆ.

ಕೊನೆಗೆ ನಿಂತದ್ದು ಗಿನಿ ಹುಲ್ಲಿನ ಮೇಲೆ. ನಂಜನಗೂಡು ಕಡೆಯ ನಮ್ಮ ಭಾವನವರ ತೋಟದ ಬದುವಿನಲ್ಲಿ ಹಸುಗಳಿಗೆಂದು ಬೆಳೆಸಿದ ಗಿನಿ ಹುಲ್ಲಿದೆ. ಬದುವಿಗೆ ಕಳೆನಾಶಕ ಹೊಡೆಯುವ ಅಭ್ಯಾಸ ಅವರಿಗಿಲ್ಲ ಎಂಬುದನ್ನು ಮೊದಲೇ ಕೇಳಿ ಖಚಿತಪಡಿಸಿಕೊಂಡೆ. ‘ಹೂವಿನ ತೆನೆ ಇಣುಕುವಾಗಲೇ ಕೊಯ್ದುಕೋ, ಆಮೇಲೆ ಬರೀ ಕಡ್ಡಿ’ ಎಂದರು ಭಾವ. ಒಮ್ಮೆ ಕೊಯ್ದ ಮೇಲೆ 40ರಿಂದ 45 ದಿನಕ್ಕೆ ಮತ್ತೆ ಆ ಹದಕ್ಕೆ ಬರುತ್ತದೆ. ಬದುವನ್ನು ಭಾಗ ಮಾಡಿಕೊಂಡು ಒಂದೊಂದನ್ನೇ ಕೊಯ್ಯುತ್ತಾ ಹೋದರೆ ಹುಲ್ಲು ಎಂದೂ ಬಲಿಯುವುದಿಲ್ಲ. ಸ್ವಂತ ಜಾಗದಲ್ಲಿ ನೆಡಬಯಸುವವರು ಯಾರಾದರೂ ಹೈನುಗಾರರಿಂದ ಬೇರುಕಡ್ಡಿ ತರಬಹುದು. ಮೇವಿನ ಬೆಳೆಗಳ ಬಗ್ಗೆ ವಿಚಾರಿಸಲು ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ.

ಕೊಯ್ದ ಹೊರೆಯನ್ನು ತೋಟದಲ್ಲೇ ಬಿಚ್ಚಿ ಒಂದೊಂದು ಹಿಡಿಯಾಗಿ ನೋಡುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ. ಬದುವಿನ ಹುಲ್ಲಿನ ಜೊತೆ ಪಾರ್ಥೇನಿಯಂ, ಲಂಟಾನ, ದತ್ತೂರ, ಹರಳಿನ ಸಸಿ ಬರುತ್ತವೆ. ಇವು ವಿಷ. ಬೇಲಿಯಲ್ಲಿ ಕಣಗಿಲೆ ಇದ್ದರೆ ಉದುರಿದ ಒಂದು ಎಲೆಯೂ ಬರಬಾರದು. ಸುಬಾಬುಲ್ ಸೊಪ್ಪನ್ನು ಆಡು ಮೇಯುತ್ತದೆಂದು ಮೊಲಕ್ಕೂ ಹಾಕುವುದುಂಟು. ಅದರಲ್ಲಿರುವ ಮಿಮೋಸಿನ್ ಎಂಬ ವಿಷಾಂಶ ಮೊಲದ ಕೂದಲನ್ನೇ ಉದುರಿಸಬಲ್ಲದು. ಹುಲ್ಲಿಗೆ ಹತ್ತಿದ ಉಣ್ಣಿಹುಳುಗಳನ್ನೂ ಅಲ್ಲೇ ಕೊಡವಿ ಬರುತ್ತೇನೆ.

ಒಣಗಿಸುವ ಚಪ್ಪರ

ತಾರಸಿಯ ನೆಲದ ಮೇಲೆ ಹರಡಿದರೆ ಹುಲ್ಲಿನ ಮೇಲುಭಾಗ ಸುಟ್ಟಂತಾಗಿ ಕೆಳಭಾಗ ಬೆವರುತ್ತದೆ. ಗಾಳಿ ಕೆಳಗಿನಿಂದಲೂ ಆಡಬೇಕು. ಅದಕ್ಕಾಗಿ ನಾಲ್ಕು ಬಿದಿರು ಗಳಗಳನ್ನು ನಿಲ್ಲಿಸಿ, ನಾಲ್ಕು ಅಡಿ ಉದ್ದ ಮೂರು ಅಡಿ ಅಗಲದ ಮೂರು ಅಂತಸ್ತು ಕಟ್ಟಿದೆ. ಅಂತಸ್ತಿಗೆ ನೈಲಾನ್ ಬಲೆ, ಎರಡರ ನಡುವೆ ಒಂದು ಅಡಿ ಅಂತರ, ಮೊದಲ ಬಲೆ ನೆಲದಿಂದ ಒಂದೂವರೆ ಅಡಿ ಎತ್ತರ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಪಶ್ಚಿಮಕ್ಕೆ ಇಳಿಜಾರಾಗಿ ಕಟ್ಟಿದ್ದೇನೆ, ನೈಋತ್ಯ ಮಾರುತದ ಮಳೆ ಬರುವ ಕಡೆಗೆ ಸೂರು ತಗ್ಗಿರಲಿ ಎಂದು. ನಾಲ್ಕೂ ಬದಿ ತೆರೆದಿವೆ.

ಹುಲ್ಲನ್ನು ಒಂದು ಗೇಣಿಗಿಂತ ಚಿಕ್ಕದಾಗಿ ಕತ್ತರಿಸುವುದಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಕೆಲಸ ಸುಲಭ, ಆದರೆ ಹಲ್ಲಿಗೂ ಕರುಳಿಗೂ ಬೇಕಾದ ಉದ್ದ ನಾರು ಅಲ್ಲೇ ಹಾಳಾಗುತ್ತದೆ. ಎಲೆ ಬೇಗ ಒಣಗುತ್ತದೆ, ದಂಟು ತಡ. ದಪ್ಪ ದಂಟನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಜಜ್ಜಿ ಬಿರಿಯಿಸಿದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಎಲೆ ಗರಿಗರಿಯಾಯಿತೆಂದು ತುಂಬಿಟ್ಟ ಹುಲ್ಲಿಗೆ ದಂಟಿನ ತೇವದಿಂದಲೇ ಬೂಷ್ಟು ಹತ್ತುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೊಮ್ಮೆ, ಮಧ್ಯಾಹ್ನವೊಮ್ಮೆ ತಿರುವಿ ಹಾಕುತ್ತೇನೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಎರಡು ದಿನ ಸಾಕು, ಜುಲೈನಲ್ಲಿ ಅದರ ಎರಡರಷ್ಟು ಹೊತ್ತು ಬೇಕು, ಜಡಿಮಳೆಯ ವಾರದಲ್ಲಿ ಕೊಯ್ಯಲು ಹೋಗುವುದೇ ಇಲ್ಲ.

ಒಣಗಿದೆಯೇ ಎಂದು ನೋಡಲು ಎರಡು ಪರೀಕ್ಷೆ. ಒಂದು ಹಿಡಿ ದಂಟನ್ನು ತಿರುಚಿದರೆ ಬಾಗದೆ ಚಟ್ಟನೆ ಮುರಿಯಬೇಕು. ಎರಡನೆಯದು ಉಪ್ಪಿನದು: ಒಣಗಿದ ಗಾಜಿನ ಜಾಡಿಗೆ ಹುಲ್ಲಿನ ತುಂಡುಗಳನ್ನೂ ಒಂದು ಚಮಚ ಪುಡಿ ಉಪ್ಪನ್ನೂ ಹಾಕಿ ಮುಚ್ಚಿ ಚೆನ್ನಾಗಿ ಅಲುಗಿಸಬೇಕು. ಉಪ್ಪು ಬಿಡಿಬಿಡಿಯಾಗಿ ಉಳಿದರೆ ತೇವ ಶೇಕಡ 15ರ ಒಳಗಿದೆ, ಗಂಟು ಕಟ್ಟಿದರೆ ಮತ್ತೆ ಚಪ್ಪರಕ್ಕೆ. ಹದವಾಗಿ ಒಣಗಿದ ಹುಲ್ಲು ಹಸಿರಾಗಿಯೇ ಇದ್ದು ಸಿಹಿಯಾಗಿ ಘಮಿಸುತ್ತದೆ. ಕಂದು ಬಣ್ಣ, ಮುಗ್ಗಲು ವಾಸನೆ, ಕೊಡವಿದಾಗ ಬೂದಿ ಹಾರುವುದು, ಇವುಗಳಲ್ಲಿ ಒಂದು ಕಂಡರೂ ಇಡೀ ಕಟ್ಟು ಗೊಬ್ಬರದ ಗುಂಡಿಗೆ. ತುಂಬಿಡಲು ಒಗೆದ ಗೋಣಿಚೀಲವೇ ಸರಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದೊಳಗೆ ಉಳಿದ ತೇವ ಅಲ್ಲೇ ನಿಲ್ಲುತ್ತದೆ. ಚೀಲಗಳು ಹಲಗೆಯ ಮೇಲೆ, ಗೋಡೆಗೆ ತಾಗದಂತೆ.

ಗೋದಲಿ

ಗೋದಲಿ ಎಂದರೆ ಹುಲ್ಲು ತುಂಬಿಡುವ ಚೌಕಟ್ಟು. ಮೊಲಗಳ ಜೊತೆ ಬಂದ ತಂತಿಬುಟ್ಟಿಯನ್ನು ಮೊದಲ ದಿನವೇ ತೆಗೆದಿಟ್ಟೆ. ಅದರ ತಂತಿಗಳ ನಡುವಿನ ಸಂದು ಮೊಲದ ತಲೆಯೋ ಕಾಲೋ ಸಿಕ್ಕಿಕೊಳ್ಳುವಷ್ಟು ಅಗಲ. ತಂತಿಯ ಸತುವಿನ ಲೇಪ ಎದ್ದ ಕಡೆ ಮೊಲ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇಲೆ ಎಲ್ಲೋ ತೂಗಾಡುವ ಹುಲ್ಲನ್ನು ಮೊಲ ದಿನವಿಡೀ ತಿನ್ನುವುದಿಲ್ಲ. ಮೊಲ ಹಿಕ್ಕೆ ಹಾಕುತ್ತಲೇ ತಿನ್ನುವ ಪ್ರಾಣಿ. ಹಾಗಾಗಿ ಗೋದಲಿಯ ಜಾಗ ಶೌಚದ ತಟ್ಟೆಯ ತಲೆಯ ಕಡೆ. ಇದೊಂದನ್ನು ಸರಿ ಮಾಡಿದರೆ ತಟ್ಟೆಯ ಅಭ್ಯಾಸವೂ ಹುಲ್ಲಿನ ಅಭ್ಯಾಸವೂ ಒಟ್ಟಿಗೆ ಆಗುತ್ತವೆ.

ಚೌಕಟ್ಟಿಗೆ ಹಳೆಯ ಸರಕುಪೆಟ್ಟಿಗೆಯ ಪೈನ್ ಹಲಗೆ ಬಳಸಿದೆ. ಅಂತರರಾಷ್ಟ್ರೀಯ ಸಾಗಣೆಯ ಪೆಟ್ಟಿಗೆಗಳ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರವನ್ನು ಕಾಯಿಸಿ ಶುದ್ಧ ಮಾಡಿದ್ದು, ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಮೊಲ ಕಚ್ಚುವ ವಸ್ತುವಿಗೆ ಮೊದಲನೆಯದನ್ನೇ ಆರಿಸಬೇಕು. ಎಣ್ಣೆಯ ಕಲೆ, ಬಣ್ಣ ಇರುವ ಹಲಗೆ ಬೇಡ. ಅಂಟು ಹಾಕಿ ಒತ್ತಿದ ಪ್ಲೈವುಡ್ ಕೂಡ ಬೇಡ.

ಸಂದಿನ ಕಡ್ಡಿಗಳಿಗೆ ಬಿದಿರು ದಬ್ಬೆ ತರಲು ಬಂಬೂ ಬಜಾರಿಗೆ ಹೋದೆ. ‘ಯಾವ ಕೆಲಸಕ್ಕೆ ಸ್ವಾಮಿ?’ ಎಂದು ಕೇಳಿದ ಹಿರಿಯರಿಗೆ ಮೊಲ ಕಚ್ಚುತ್ತದೆ ಎಂದು ವಿವರಿಸಿದೆ. ಹುಳು ಬೀಳದಿರಲೆಂದು ಬೋರಾಕ್ಸ್ ದ್ರಾವಣದಲ್ಲಿ ಅದ್ದಿದ ಗಳ ಬೇಡ, ನೀರಿನಲ್ಲಿ ನೆನೆಹಾಕಿದ್ದು ಇದೆ ಎಂದು ಒಳಗಿನಿಂದ ತಂದುಕೊಟ್ಟರು. ವಾರಗಟ್ಟಲೆ ನೀರಿನಲ್ಲಿಟ್ಟರೆ ಬಿದಿರಿನ ಪಿಷ್ಟ ಕರಗಿಹೋಗುತ್ತದೆ, ಹುಳುವಿಗೆ ಆಹಾರ ಇಲ್ಲವಾಗುತ್ತದೆ. ರಾಸಾಯನಿಕ ಇಲ್ಲದ ಈ ಹಳೆಯ ವಿಧಾನ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಅಳತೆ ಹೀಗಿದೆ. ಅಗಲ 45 ಸೆಂಟಿಮೀಟರ್, ಎತ್ತರ 30. ಪಕ್ಕದ ಹಲಗೆಗಳನ್ನು ಮೇಲೆ 18, ಕೆಳಗೆ 7 ಸೆಂಟಿಮೀಟರ್ ಬರುವಂತೆ ಓರೆಯಾಗಿ ಕೊಯ್ದೆ, ಹುಲ್ಲು ಖಾಲಿಯಾದಂತೆಲ್ಲ ತಾನೇ ಕೆಳಗೆ ಜಾರಲಿ ಎಂದು. ಮುಂಭಾಗದಲ್ಲಿ 12 ಮಿಲಿಮೀಟರ್ ದಪ್ಪದ ದಬ್ಬೆಗಳನ್ನು ನೇರವಾಗಿ ನಿಲ್ಲಿಸಿದ್ದೇನೆ, ನಡುವೆ 25 ಮಿಲಿಮೀಟರ್ ಸಂದು. ಮೂತಿ ತೂರಿ ಹುಲ್ಲು ಎಳೆಯಲು ಅಷ್ಟು ಸಾಕು, ತಲೆ ಹೋಗುವುದಿಲ್ಲ. ಮೇಲಿನ, ಕೆಳಗಿನ ಅಡ್ಡಪಟ್ಟಿಗಳಿಗೆ ತೂತು ಕೊರೆದು ದಬ್ಬೆಗಳನ್ನು ಬಿಗಿಯಾಗಿ ಇಳಿಸಿದ್ದೇನೆ, ಅಂಟು ಹಾಕಿಲ್ಲ. ತುಕ್ಕು ಹಿಡಿಯದ ಸ್ಕ್ರೂಗಳೆಲ್ಲ ಹಿಂಬದಿಯಿಂದ, ತಲೆ ಮರದೊಳಗೆ ಇಳಿಯುವಂತೆ. ಗೆಣ್ಣುಗಳನ್ನು ಉಳಿಯಿಂದ ಹೆರೆದು, ಸಿಬಿರು ಏಳದಂತೆ ಎಲ್ಲ ದಬ್ಬೆಗಳನ್ನೂ 120 ನಂಬರಿನ ಉಪ್ಪುಕಾಗದದಿಂದ ಉಜ್ಜಿದೆ. ಮೇಲೆ ಎರಡು ಕೀಲುಗಳ ಮುಚ್ಚಳ. ಅದಿಲ್ಲದಿದ್ದರೆ ಮೊಲ ಹಾರಿ ಹುಲ್ಲಿನ ಮೇಲೆಯೇ ಕುಳಿತುಕೊಳ್ಳುತ್ತದೆ. ಕೆಳ ಅಂಚು ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿದೆ. ಕತ್ತು ಎತ್ತದೆ, ಬಗ್ಗದೆ ತಿನ್ನಲು ನಮ್ಮ ಮೊಲಗಳಿಗೆ ಇದು ಸರಿಹೊಂದಿತು. ತಟ್ಟೆಯಲ್ಲಿ ದಿನಪತ್ರಿಕೆ, ಅದರ ಮೇಲೆ ಉದುರಿದ ಹುಲ್ಲು. ಬೆಕ್ಕಿನ ಶೌಚಕ್ಕೆ ಬಳಸುವ ಗಂಟುಕಟ್ಟುವ ಜೇಡಿಮಣ್ಣು ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ.

ಕೆಲವು ವಾರಗಳಲ್ಲಿ ಕೆಳಗಿನ ಅಡ್ಡಪಟ್ಟಿಯನ್ನು ಬೆಳ್ಳಿ ಅರ್ಧ ತಿಂದು ಮುಗಿಸಿತು. ಅದಕ್ಕೆ ಕಚ್ಚಲು ಏನಾದರೂ ಬೇಕೇ ಬೇಕು ಎಂಬುದು ಇದರಿಂದ ಸ್ಪಷ್ಟ. ಆ ಪಟ್ಟಿಯ ಮುಂದೆ ಎರಡೂ ಬದಿಗೆ ತೋಡು ಕೊರೆದು, ಹೆಬ್ಬೆರಳು ಗಾತ್ರದ ಸೀಬೆ ಕೊಂಬೆಯೊಂದನ್ನು ಜಾರಿಸಿ ಕೂರಿಸುವಂತೆ ಮಾಡಿದ್ದೇನೆ. ಕೊಂಬೆ ಸವೆದಾಗ ಹೊಸದು. ಚೌಕಟ್ಟು ಅಂದಿನಿಂದ ಹಾಗೆಯೇ ಇದೆ.

ಊಟ ಬದಲಿಸಿದ್ದು

ಮೊಲದ ಕರುಳಿನ ಸೂಕ್ಷ್ಮಜೀವಿಗಳು ದಿಢೀರ್ ಬದಲಾವಣೆಯನ್ನು ತಾಳುವುದಿಲ್ಲ. ಚಪಾತಿಯನ್ನು ತಕ್ಷಣ ನಿಲ್ಲಿಸಿದೆ, ಕಾಳಿನ ಮಿಶ್ರಣವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ ಹೋದೆ. ಇಂಥ ಮಿಶ್ರಣದಲ್ಲಿ ಮೊಲ ಸಿಹಿಯಾದದ್ದನ್ನು ಆರಿಸಿ ತಿಂದು ನಾರಿನ ತುಂಡನ್ನು ಬಿಡುತ್ತದೆ. ಈಗ ಕೊಡುವುದು ಒಂದೇ ಬಗೆಯ ಪೆಲೆಟ್, ನಾರು ಶೇಕಡ 18ಕ್ಕಿಂತ ಹೆಚ್ಚಿರುವಂಥದ್ದು. ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಎಂಬುದು ಮೇಲಿನ ಮಿತಿ, ಹುಲ್ಲು ಚೆನ್ನಾಗಿ ತಿನ್ನುವ ನಮ್ಮ ಮೊಲಗಳಿಗೆ ಅದರ ಅರ್ಧ ಸಾಕಾಗಿದೆ. ಮಾಂಸಕ್ಕೆಂದು ಬೆಳೆಸುವ ಮೊಲಗಳ ಆಹಾರ ಬೇಗ ತೂಕ ಏರಿಸಲು ಮಾಡಿದ್ದು. ಹಸುವಿನ ಹಿಂಡಿ, ಬೂಸಾ, ಯೂರಿಯಾ ಬೆರೆತ ಪಶು ಆಹಾರ ಯಾವುದೂ ಮನೆಯ ಮೊಲಕ್ಕೆ ಬೇಡ.

ಸೊಪ್ಪಿನಲ್ಲಿ ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಸೊಪ್ಪು, ದಾಸವಾಳದ ಎಲೆ ಹೂವು ನಮ್ಮ ನಿತ್ಯದ ಸರದಿ. ಒಂದು ದಿನಕ್ಕೆ ಎರಡು ಮೂರು ಬಗೆ, ಚೆನ್ನಾಗಿ ತೊಳೆದು ನೀರಿಳಿಸಿದ್ದು. ಪಾಲಕ್, ದಂಟು, ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು, ಅಪರೂಪಕ್ಕೆ ನಾಲ್ಕು ಎಲೆ. ನುಗ್ಗೆ ಸೊಪ್ಪಿಗೆ ಕ್ಯಾಲ್ಸಿಯಂನ ಕಾರಣಕ್ಕೆ ಅದೇ ಮಿತಿ. ಕೆಸುವಿನ ಎಲೆ, ಮರಗೆಣಸಿನ ಎಲೆ, ಟೊಮೆಟೊ ಮತ್ತು ಆಲೂಗೆಡ್ಡೆ ಗಿಡದ ಎಲೆ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಚಾಕೊಲೇಟ್ ಎಂದಿಗೂ ಇಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಕರುಳನ್ನು ದಾಟಲೇಬೇಕು. ಕ್ಯಾರೆಟ್ ಈಗ ವಾರಕ್ಕೆ ಒಂದೆರಡು ಬಾರಿ, ಹೆಬ್ಬೆರಳಿನ ಉಗುರಿನಷ್ಟು ತುಂಡು. ನೀರಿನ ಬಾಟಲಿಯ ಬದಲು ಭಾರದ ಪಿಂಗಾಣಿ ಬಟ್ಟಲು ಇಟ್ಟ ಮೇಲೆ ಎರಡೂ ಹೆಚ್ಚು ನೀರು ಕುಡಿಯುತ್ತಿವೆ. ಒಣಹುಲ್ಲು ತಿನ್ನುವ ಮೊಲಕ್ಕೆ ಇದು ಸಣ್ಣ ವಿಷಯವಲ್ಲ.

ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಕ, ಪ್ರತಿ ಬೆಳಿಗ್ಗೆ ತಟ್ಟೆಯ ಹಿಕ್ಕೆ ನೋಡುತ್ತೇನೆ. ಚುಕ್ಕಿಯ ಬಾಲ ಈಗ ಶುಚಿಯಾಗಿದೆ. ಬೆಳ್ಳಿಯ ಹಿಕ್ಕೆ ದಪ್ಪವಾಗಿ, ತಿಳಿ ಕಂದಾಗಿ, ಒಡೆದರೆ ಒಳಗೆ ಹುಲ್ಲಿನ ಪುಡಿ ಕಾಣುವಂತಾಗಿದೆ. ಹಲ್ಲಿನ ಅಂಚು ಮುಂದುವರಿದಿಲ್ಲ ಎಂದು ವೈದ್ಯರು ಮರುಪರೀಕ್ಷೆಯಲ್ಲಿ ಹೇಳಿದರು. ಹತ್ತು ಹನ್ನೆರಡು ಗಂಟೆ ಮೊಲ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಮೂಲೆ ಹಿಡಿದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬಾರದು, ಕರುಳು ನಿಂತಿರುವ ಲಕ್ಷಣ ಅದು, ಅಂದೇ ವೈದ್ಯರ ಬಳಿ ಒಯ್ಯಬೇಕು. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಸಿರಪ್ಪನ್ನು ಕುಡಿಸುವುದಂತೂ ಕೂಡದು. ಅದು ಕರುಳಿನ ಸೂಕ್ಷ್ಮಜೀವಿಗಳನ್ನು ಕೆಡಿಸಿ ಮೊಲವನ್ನು ಕೊಲ್ಲಬಲ್ಲದು.

ಮುಂಗಾರಿಗೆ ಮೊದಲು ಉಳಿದಿರುವ ಕೆಲಸ ಚಪ್ಪರದ್ದು: ಪಶ್ಚಿಮದ ಬದಿಗೆ ಸುತ್ತಿ ಎತ್ತಬಹುದಾದ ಪರದೆ, ಕೆಳಗಿನ ಬಲೆಯನ್ನು ಇನ್ನೊಂದು ಗೇಣು ಮೇಲಕ್ಕೆ. ಜೂನ್‌ನಿಂದ ಆಗಸ್ಟ್‌ವರೆಗಿನ 18 ಕಿಲೋ ಹುಲ್ಲನ್ನು ಮೇ ತಿಂಗಳ ಬಿಸಿಲಿನಲ್ಲೇ ಒಣಗಿಸಿ ತುಂಬಲು 75 ಕಿಲೋದಷ್ಟು ಹಸಿ ಹುಲ್ಲು ಬೇಕು. ಬದುವಿನ ಯಾವ ಭಾಗವನ್ನು ಯಾವಾಗ ಕೊಯ್ಯುವುದು ಎಂದು ಭಾವನವರ ಜೊತೆ ಮಾತಾಡಿ ಗೊತ್ತುಮಾಡಿಕೊಂಡಿದ್ದೇನೆ.